ರಮ್ ಬೆರೆಸಿದ ಚಾಕೊಲೇಟ್: ಬಿಸಿ ಬಂದದ್ದು ಎಲ್ಲಿಂದ?

ಜರ್ಮನಿಯ ವಾಯವ್ಯ ಅಂಚಿನಲ್ಲಿ, ಉತ್ತರ ಸಮುದ್ರದ ಗಾಳಿಗೆ ಮೈಯೊಡ್ಡಿಕೊಂಡಿರುವ ಫ್ರೀಸಿಯನ್ ದ್ವೀಪಗಳಲ್ಲಿ ಫ್ಯೋರ್ ಎಂಬುದೂ ಒಂದು. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗುವ ಆ ದ್ವೀಪದ ಹೆಸರಿನೊಂದಿಗೆ ಬೆಸೆದುಕೊಂಡಿರುವ ಚಳಿಗಾಲದ ಪಾನೀಯವೊಂದಿದೆ. ಬಿಸಿ ಚಾಕೊಲೇಟಿಗೆ ರಮ್ ಸುರಿದು, ಮೇಲೆ ಕಡೆದ ಕೆನೆಯನ್ನು ದಪ್ಪವಾಗಿ ಹರಡಿ ಕೊಡುವ ಈ ಲೋಟಕ್ಕೆ ಅಲ್ಲಿನವರು ‘ಟೋಟೆ ಟಾಂಟೆ’, ಅಂದರೆ ‘ಸತ್ತ ಅತ್ತೆ’ ಎನ್ನುತ್ತಾರೆ. ಅಮೆರಿಕಕ್ಕೆ ವಲಸೆ ಹೋಗಿದ್ದ ಹೆಂಗಸೊಬ್ಬಳು ಹುಟ್ಟೂರಿನ ಮಣ್ಣಿನಲ್ಲೇ ಮಣ್ಣಾಗಬೇಕೆಂದು ಬಯಸಿ ತೀರಿಕೊಂಡಾಗ, ಸಾಗಣೆಯ ಖರ್ಚು ಉಳಿಸಲು ಅವಳನ್ನು ಕೋಕೋ ಪೆಟ್ಟಿಗೆಯಲ್ಲಿಟ್ಟು ಹಡಗಿನಲ್ಲಿ ಕಳುಹಿಸಿದರಂತೆ, ಅವಳ ತಿಥಿಯ ದಿನ ಬಂದವರಿಗೆಲ್ಲ ರಮ್ ಹಾಕಿದ ಕೋಕೋ ಹಂಚಿದರಂತೆ ಎಂಬುದು ಅಲ್ಲಿ ಹೇಳುವ ಕಥೆ. ಕಥೆ ಹೇಗಾದರೂ ಇರಲಿ, ಈ ಪಾನೀಯದ ಬಗ್ಗೆ ಎಲ್ಲೆಡೆ ಹಬ್ಬಿರುವ ನಂಬಿಕೆಯೊಂದನ್ನು ಮಾತ್ರ ಸುಮ್ಮನೆ ಬಿಡುವಂತಿಲ್ಲ. ರಮ್ ಅಥವಾ ಬ್ರಾಂಡಿ ಮೈಗೆ ಕಾವು ಕೊಡುತ್ತದೆ ಎಂಬ ಆ ನಂಬಿಕೆ ತಪ್ಪು. ಹಾಗಿದ್ದರೂ ಕುಡಿದವರಿಗೆ ಬೆಚ್ಚಗಾಗುವುದು ಸುಳ್ಳಲ್ಲ. ಈ ಎರಡು ಮಾತುಗಳ ನಡುವೆ ನರವಿಜ್ಞಾನದ ಅತ್ಯಂತ ಸೊಗಸಾದ ಅಧ್ಯಾಯವೊಂದಿದೆ.

ಮೊದಲು ಲೆಕ್ಕ. 65 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ 200 ಮಿಲಿಲೀಟರ್ ಪಾನೀಯ ನಮ್ಮ ಹೊಟ್ಟೆ ಸೇರಿ 37 ಡಿಗ್ರಿಗೆ ಇಳಿಯುವಾಗ ದೇಹಕ್ಕೆ ಬಿಟ್ಟುಕೊಡುವ ಶಾಖ ಸುಮಾರು 5.6 ಕಿಲೋಕ್ಯಾಲೊರಿ. 60 ಕಿಲೋ ತೂಕದ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 50 ಕಿಲೋಕ್ಯಾಲೊರಿ ಬೇಕು. ಅಂದರೆ ಒಂದು ಲೋಟ ಬಿಸಿ ಚಾಕೊಲೇಟ್ ನಮ್ಮನ್ನು ಬಿಸಿ ಮಾಡುವುದು ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಮಾತ್ರ, ಮತ್ತು ಅಷ್ಟು ಶಾಖವನ್ನು ದೇಹ ಸುಮ್ಮನೆ ಕುಳಿತಿದ್ದರೂ ಐದು ನಿಮಿಷಗಳಲ್ಲಿ ತಾನೇ ಉತ್ಪಾದಿಸಿಕೊಳ್ಳುತ್ತದೆ. ಇನ್ನು 30 ಮಿಲಿಲೀಟರ್ ರಮ್ಮಿನಲ್ಲಿರುವ ಒಂಬತ್ತು-ಹತ್ತು ಗ್ರಾಂ ಎಥನಾಲ್, ಅಂದರೆ ಮದ್ಯಸಾರ, ಉರಿದರೆ ಅರವತ್ತೈದು ಕಿಲೋಕ್ಯಾಲೊರಿಯಷ್ಟು ಶಕ್ತಿ ಹುಟ್ಟುತ್ತದೆ, ನಿಜ. ಆದರೆ ಯಕೃತ್ತು ಅದನ್ನು ಸುಡಲು ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ತೆಗೆದುಕೊಳ್ಳುತ್ತದೆ, ಮತ್ತು ಆ ಹೊತ್ತಿನಲ್ಲಿ ಕೊಬ್ಬನ್ನು ಸುಡುವ ಕೆಲಸವನ್ನು ಬದಿಗಿಡುತ್ತದೆ. ಹಾಗಾಗಿ ಇದು ಹೆಚ್ಚುವರಿ ಬೆಂಕಿಯಲ್ಲ, ಸೌದೆಯ ಬದಲಾವಣೆ. ಮೊದಲ ಗುಟುಕಿಗೇ ಗಂಟಲಿನಿಂದ ಎದೆಯವರೆಗೆ ಹರಡುವ ಕಾವನ್ನು ಈ ಲೆಕ್ಕ ವಿವರಿಸುವುದಿಲ್ಲ.

ವಿವರಿಸುವುದು ನರತುದಿಗಳಲ್ಲಿರುವ ಒಂದು ಪ್ರೋಟೀನ್. ನಮ್ಮ ಬಾಯಿ, ಗಂಟಲು ಮತ್ತು ಚರ್ಮದ ನರಗಳ ತುದಿಯಲ್ಲಿ ಜೀವಕೋಶದ ಪೊರೆಯನ್ನು ಹಾದು ನಿಂತಿರುವ ಟಿಆರ್‌ಪಿವಿ1 ಎಂಬ ಈ ಪ್ರೋಟೀನ್, ಮಧ್ಯದಲ್ಲಿ ರಂಧ್ರವಿರುವ ಒಂದು ದ್ವಾರ. ಸುತ್ತಲಿನ ಉಷ್ಣತೆ ಸುಮಾರು 42-43 ಡಿಗ್ರಿ ದಾಟಿದಾಗ ಅದರ ಆಕಾರ ಬದಲಾಗಿ ರಂಧ್ರ ತೆರೆಯುತ್ತದೆ, ಹೊರಗಿರುವ ಕ್ಯಾಲ್ಸಿಯಂ ಮತ್ತು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ನರದಲ್ಲಿ ವಿದ್ಯುತ್ ಸಂಕೇತ ಹುಟ್ಟಿ ‘ಬಿಸಿ, ಉರಿ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಮಿದುಳಿಗೆ ಥರ್ಮಾಮೀಟರು ಬೇರೆ ಇಲ್ಲ. ದ್ವಾರ ತೆರೆದಿದ್ದರೆ ಅದು ಬಿಸಿಯೆಂದೇ ತಿಳಿಯುತ್ತದೆ. 2002ರಲ್ಲಿ ಇಟಲಿಯ ವಿಜ್ಞಾನಿಗಳು ತೋರಿಸಿಕೊಟ್ಟ ಸಂಗತಿ ಹೀಗಿದೆ: ಎಥನಾಲ್ ಸೇರಿದಾಗ ಈ ದ್ವಾರ ತೆರೆಯುವ ಉಷ್ಣತೆಯ ಮಟ್ಟ 42ರ ಆಸುಪಾಸಿನಿಂದ 34 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಗಂಟಲಿನ ಸಹಜ ಉಷ್ಣತೆಯೇ 36-37 ಡಿಗ್ರಿ. ಅಂದರೆ ಮದ್ಯಸಾರ ತಾಗಿದ ಗಂಟಲು ತನ್ನದೇ ಮೈಬಿಸಿಯನ್ನು ಸುಡುವ ಬಿಸಿಯೆಂದು ವರದಿ ಮಾಡುತ್ತದೆ. ಕೋಣೆಯ ತಂಪಿನಲ್ಲಿದ್ದ ರಮ್ ಕೂಡ ಗಂಟಲಲ್ಲಿ ಉರಿಯುವುದಕ್ಕೆ ಇದೇ ಕಾರಣ. ಅದೇ ರಮ್ಮನ್ನು ಅರವತ್ತು ಡಿಗ್ರಿಯ ಚಾಕೊಲೇಟಿಗೆ ಬೆರೆಸಿದರೆ, ಶಾಖ ಮೊದಲೇ ತೆರೆಯುವ ದ್ವಾರವನ್ನು ಎಥನಾಲ್ ಇನ್ನಷ್ಟು ಸುಲಭವಾಗಿ ತೆರೆಸುತ್ತದೆ. ಗುಟುಕು ಇಳಿದು, ಗಂಟಲು ಮತ್ತೆ ಮೈಯುಷ್ಣತೆಗೆ ಮರಳಿದ ಮೇಲೂ ಕಾವು ಸ್ವಲ್ಪ ಹೊತ್ತು ಉಳಿಯುತ್ತದೆ.

ಈ ದ್ವಾರವನ್ನು 1997ರಲ್ಲಿ ಗುರುತಿಸಿದವರು ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು. ಜೂಲಿಯಸ್ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ 2021ರ ನೊಬೆಲ್ ಸಂದಿತು. ಅವರು ಹುಡುಕಾಟಕ್ಕೆ ಬಳಸಿದ ಸುಳಿವು ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್. ಅದು ಇದೇ ಪ್ರೋಟೀನಿಗೆ ಅಂಟಿಕೊಂಡು ಬಿಸಿಯೇ ಇಲ್ಲದೆ ದ್ವಾರ ತೆರೆಸುತ್ತದೆ. ಚಾಕೊಲೇಟಿನ ಇತಿಹಾಸ ಬಲ್ಲವರಿಗೆ ಇಲ್ಲಿ ರೋಮಾಂಚನವಾಗಬೇಕು. ಏಕೆಂದರೆ ಕೋಕೋ ಬೀಜವನ್ನು ಬಹಳ ಹಿಂದೆಯೇ ಪಾನೀಯವಾಗಿ ಬಳಸುತ್ತಿದ್ದ ಮಧ್ಯ ಅಮೆರಿಕದ ಮಾಯಾ ಮತ್ತು ಆಜ್ಟೆಕ್ ಜನರು ಅದಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ. ಅರೆದ ಮೆಣಸಿನಕಾಯಿಯನ್ನೂ ವೆನಿಲಾವನ್ನೂ ಬೆರೆಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ನೊರೆ ಎಬ್ಬಿಸುತ್ತಿದ್ದರು. ಆಜ್ಟೆಕ್ ಜನರು ಅದನ್ನು ಹೆಚ್ಚಾಗಿ ತಣ್ಣಗೆ ಕುಡಿಯುತ್ತಿದ್ದರು. ಹದಿನಾರನೇ ಶತಮಾನದಲ್ಲಿ ಸ್ಪೇನಿನವರ ಕೈಸೇರಿದ ಈ ಪಾನೀಯಕ್ಕೆ ಸಕ್ಕರೆ ಸೇರಿತು, ಬಿಸಿ ಸೇರಿತು, ಕಾಲಕ್ರಮದಲ್ಲಿ ಮೆಣಸಿನಕಾಯಿ ಬಿಟ್ಟುಹೋಯಿತು. ಮೆಣಸಿನಕಾಯಿ ಖಾಲಿ ಮಾಡಿದ ಜಾಗಕ್ಕೆ ಉತ್ತರ ಯುರೋಪಿನಲ್ಲಿ ರಮ್ ಬಂದು ಕುಳಿತಿತು. ಎರಡೂ ತಟ್ಟುವುದು ಒಂದೇ ಬಾಗಿಲನ್ನು ಎಂಬುದು ಆ ಎರಡು ನಾಡಿನವರಿಗೂ ತಿಳಿದಿರಲಿಲ್ಲ.

ರಮ್ ಅಲ್ಲಿಗೆ ಬಂದ ದಾರಿಯನ್ನೂ ಹೇಳಬೇಕು. ಫ್ರೀಸಿಯನ್ ದ್ವೀಪಗಳಿಗೆ ಹತ್ತಿರದ ಫ್ಲೆನ್ಸ್‌ಬುರ್ಗ್ ಬಂದರು 1864ರವರೆಗೆ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು. ಡೆನ್ಮಾರ್ಕಿಗೆ ಕೆರಿಬಿಯನ್ ಸಮುದ್ರದಲ್ಲಿ ಕಬ್ಬಿನ ದ್ವೀಪಗಳಿದ್ದವು. ಆಫ್ರಿಕದಿಂದ ಹೊತ್ತುತಂದ ಗುಲಾಮರು ಬೆಳೆದ ಕಬ್ಬಿನಿಂದ ತೆಗೆದ ರಮ್ ಹದಿನೆಂಟನೇ ಶತಮಾನದಲ್ಲಿ ಈ ಬಂದರಿಗೆ ಬಂದಿಳಿದು, ಫ್ಲೆನ್ಸ್‌ಬುರ್ಗ್ ರಮ್ಮಿನ ಪಟ್ಟಣವೆಂದೇ ಹೆಸರಾಯಿತು. ಚಳಿಯ ನಾಡಿನ ಈ ಲೋಟದಲ್ಲಿರುವ ಕೋಕೋ, ಸಕ್ಕರೆ, ರಮ್ ಮೂರೂ ಉಷ್ಣವಲಯದ ದುಡಿಮೆಯ ಫಲ ಎಂಬುದು ಮರೆಯುವ ಸಂಗತಿಯಲ್ಲ.

ಇನ್ನು ಅಪಾಯದ ಭಾಗ. ರಕ್ತ ಸೇರಿದ ಎಥನಾಲ್ ಚರ್ಮದ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಚಳಿಯಲ್ಲಿ ಆ ನಾಳಗಳನ್ನು ಸಂಕುಚಿಸಿ ಬಿಸಿ ರಕ್ತವನ್ನು ಹೃದಯ, ಶ್ವಾಸಕೋಶ, ಮಿದುಳುಗಳ ಸುತ್ತ ಕಾಯ್ದುಕೊಳ್ಳುವುದು ದೇಹದ ರಕ್ಷಣೋಪಾಯ; ಮದ್ಯಸಾರ ಅದನ್ನೇ ಸಡಿಲಿಸುತ್ತದೆ. ಬಿಸಿ ರಕ್ತ ಚರ್ಮಕ್ಕೆ ಬಂದಾಗ ಮುಖ ಕೆಂಪೇರುತ್ತದೆ, ಚರ್ಮದ ನರಗಳು ಬೆಚ್ಚಗಾಯಿತೆನ್ನುತ್ತವೆ, ಅದೇ ಹೊತ್ತಿನಲ್ಲಿ ಒಳಗಿನ ಶಾಖ ಗಾಳಿಗೆ ಸೋರಿಹೋಗುತ್ತಿರುತ್ತದೆ. ನಡುಕ ಕೂಡ ಕಡಿಮೆಯಾಗುತ್ತದೆ, ಮತ್ತು ನಡುಕವೆಂಬುದು ಸ್ನಾಯುಗಳು ಶಾಖ ಉತ್ಪಾದಿಸುವ ವಿಧಾನ. ಕುಡಿದು ಹಿಮದಲ್ಲಿ ನಡೆದವರು ತಮಗೆ ಚಳಿಯೇ ಇಲ್ಲವೆಂದುಕೊಂಡು ಸಾಯುವುದು ಹೀಗೆ. ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ನಾಯಿಗಳು ಕೊರಳಲ್ಲಿ ಬ್ರಾಂಡಿಯ ಪುಟ್ಟ ಪೀಪಾಯಿ ಹೊತ್ತು ಹಿಮದಲ್ಲಿ ಸಿಕ್ಕವರನ್ನು ಬದುಕಿಸುತ್ತಿದ್ದವೆಂಬ ಚಿತ್ರ ಲೋಕವಿಖ್ಯಾತ. ಅದನ್ನು ಹಬ್ಬಿಸಿದ್ದು ಎಡ್ವಿನ್ ಲ್ಯಾಂಡ್‌ಸೀರ್ ಎಂಬ ಆಂಗ್ಲ ಕಲಾವಿದ 1820ರಲ್ಲಿ ಬರೆದ ವರ್ಣಚಿತ್ರವೇ ಹೊರತು ಆ ನಾಯಿಗಳನ್ನು ಸಾಕುತ್ತಿದ್ದ ಸಂನ್ಯಾಸಿಗಳ ರೂಢಿಯಲ್ಲ. ನಮ್ಮಲ್ಲಿಯೂ ಶೀತವಾದ ಮಗುವಿಗೆ ಬ್ರಾಂಡಿ ನೆಕ್ಕಿಸುವ, ಎದೆಗೆ ಸವರುವ ಅಭ್ಯಾಸ ಇನ್ನೂ ಪೂರ್ತಿ ಅಳಿದಿಲ್ಲ. ಮಗುವಿನ ಚರ್ಮದ ಮೂಲಕವೂ ಮದ್ಯಸಾರ ರಕ್ತ ಸೇರಬಲ್ಲದು, ಆರುವಾಗ ಮೈಯನ್ನು ಇನ್ನಷ್ಟು ತಣ್ಣಗಾಗಿಸಬಲ್ಲದು. ಆ ಅಭ್ಯಾಸ ನಿಲ್ಲಲೇಬೇಕು. ಈ ಪಾನೀಯವೇನಿದ್ದರೂ ವಯಸ್ಕರದು, ಹೊರಗಿನಿಂದ ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲಿನದು, ಮತ್ತೆ ಹೊರಗೆ ಹೋಗುವ ಅಥವಾ ವಾಹನ ಓಡಿಸುವ ಅಗತ್ಯವಿಲ್ಲದ ಸಂಜೆಯದು.

ಅಂಥ ಸಂಜೆಯಲ್ಲಿ ಇದನ್ನು ಸರಿಯಾಗಿ ಮಾಡುವುದು ಹೇಗೆಂಬುದೂ ರಸಾಯನಶಾಸ್ತ್ರವೇ. ಕೋಕೋ ಪುಡಿ ಹಾಲಿನಲ್ಲಿ ಸಕ್ಕರೆಯಂತೆ ಕರಗುವುದಿಲ್ಲ. ಅದರ ಸೂಕ್ಷ್ಮ ಕಣಗಳು ತೇಲಾಡುತ್ತವೆ, ಅಷ್ಟೆ. ಕೋಕೋ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಬೀಜದ ಹಿಟ್ಟನ್ನು ಹಿಂಡಿ ಕೊಬ್ಬು ತೆಗೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದ ಬಳಿಕವೇ ಇಂದಿನ ಕೋಕೋ ಪುಡಿ ಹುಟ್ಟಿದ್ದು. ಆ ಪುಡಿಯನ್ನು ಕ್ಷಾರದಿಂದ ಸಂಸ್ಕರಿಸಿ ಹುಳಿ ತಗ್ಗಿಸಿ, ನೀರಿನಲ್ಲಿ ಸುಲಭವಾಗಿ ಬೆರೆಯುವಂತೆ ಮಾಡಿದ್ದೂ ಅದೇ ಮನೆತನ. ಹಾಗಿದ್ದರೂ ಪುಡಿಯಲ್ಲಿ ಶೇ. 10-12ರಷ್ಟು ಕೊಬ್ಬು ಉಳಿದಿರುವುದರಿಂದ ಕಣಗಳು ನೀರನ್ನು ದೂರವಿಡುತ್ತವೆ. ಕುದಿವ ಹಾಲಿಗೆ ನೇರವಾಗಿ ಸುರಿದರೆ ಮುದ್ದೆಯ ಹೊರಮೈಯ ಪಿಷ್ಟ ತಕ್ಷಣ ಬೆಂದು ಅಂಟಾಗಿ, ಒಳಗೆ ಒಣ ಪುಡಿಯನ್ನು ಸೆರೆಹಿಡಿಯುತ್ತದೆ. ಅಂಬಲಿಗೆ ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುವುದು ಯಾಕೆಂದು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಎರಡು ಚಮಚ ಕೋಕೋ ಪುಡಿ, ಅಷ್ಟೇ ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ, ಸ್ವಲ್ಪ ತಣ್ಣನೆಯ ಹಾಲಿನಲ್ಲಿ ನುಣ್ಣಗೆ ಕಲಸಿಕೊಂಡು, ಆಮೇಲೆ ಬಿಸಿ ಹಾಲು ಸೇರಿಸಿ 200 ಮಿಲಿಲೀಟರ್ ಮಾಡಬೇಕು. ಇಪ್ಪತ್ತು ಗ್ರಾಂ ಕಪ್ಪು ಚಾಕೊಲೇಟನ್ನು ಇದರಲ್ಲೇ ಕರಗಿಸಿದರೆ ಪಾನೀಯಕ್ಕೆ ಮೈ ಬರುತ್ತದೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊದ ಕಾರ್ಖಾನೆ ನಡೆಯುತ್ತಿದೆ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಿದೆ; ಹಾಗಾಗಿ ಒಳ್ಳೆಯ ಕೋಕೋ ನಮಗೆ ದೂರದ ವಸ್ತುವೇನಲ್ಲ. ಕರಗಿಸಿದ ಚಾಕೊಲೇಟಿಗೆ ಮೊದಲೇ ರಮ್ ಹನಿಸುವ ತಪ್ಪನ್ನು ಮಾತ್ರ ಮಾಡಬಾರದು. ರಮ್ಮಿನ ಅರ್ಧಕ್ಕಿಂತ ಹೆಚ್ಚು ಭಾಗ ನೀರು. ಕೊಬ್ಬಿನ ನಡುವೆ ಆ ಅಲ್ಪ ನೀರು ಸಿಕ್ಕಿದ ಕೂಡಲೇ ಚಾಕೊಲೇಟಿನ ಸಕ್ಕರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಇಡೀ ದ್ರವ ಗಟ್ಟಿ ಹಿಟ್ಟಾಗಿಬಿಡುತ್ತದೆ.

ರಮ್ ಹಾಕುವ ಹೊತ್ತಿನ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಎಥನಾಲ್ 78 ಡಿಗ್ರಿಗೆ ಕುದಿಯುವುದರಿಂದ ಬಿಸಿ ಹಾಲಿಗೆ ಹಾಕಿದ ತಕ್ಷಣ ಮದ್ಯಸಾರವೆಲ್ಲ ಆವಿಯಾಗಿ ಹೋಗುತ್ತದೆ ಎನ್ನುವವರು ಬಹಳ ಮಂದಿ. 78 ಡಿಗ್ರಿ ಎಂಬುದು ಶುದ್ಧ ಎಥನಾಲಿನ ಕುದಿಬಿಂದು. ನೀರಿನ ಅಣುಗಳ ನಡುವೆ ಚದುರಿ, ಅವುಗಳೊಂದಿಗೆ ಹೈಡ್ರೋಜನ್ ಬಂಧದಿಂದ ಬೆಸೆದುಕೊಂಡಿರುವ ಎಥನಾಲ್ ಅಷ್ಟು ಸುಲಭವಾಗಿ ಕಳಚಿಕೊಳ್ಳದು, ಶೇ. 5ರಷ್ಟು ಮದ್ಯಸಾರವಿರುವ ನೀರು ಕುದಿಯುವುದು 95 ಡಿಗ್ರಿಗಿಂತ ಮೇಲೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಒಲೆಯಿಂದ ಇಳಿಸಿದ ಕುದಿವ ದ್ರವಕ್ಕೆ ಸೇರಿಸಿದ ಮದ್ಯಸಾರದಲ್ಲಿ ಶೇ. 85 ಹಾಗೆಯೇ ಉಳಿಯುತ್ತದೆ. ಕಾಲು ಗಂಟೆ ಮಂದ ಉರಿಯಲ್ಲಿ ಬೇಯಿಸಿದರೂ ಶೇ. 40, ಒಂದು ಗಂಟೆ ಬೇಯಿಸಿದರೂ ಶೇ. 25 ಉಳಿಯುತ್ತದೆ. ಆದ್ದರಿಂದ ‘ಕುದಿಸಿದ್ದೇವೆ, ಮಕ್ಕಳಿಗೂ ಕೊಡಬಹುದು’ ಎಂಬ ಮಾತಿಗೆ ಆಧಾರವಿಲ್ಲ. ಕುದಿಸಿದಾಗ ಬೇಗ ನಷ್ಟವಾಗುವುದು ರಮ್ಮಿನ ಪರಿಮಳ. ಹಾಗಾಗಿ ಹಾಲನ್ನು ಒಲೆಯಿಂದ ಇಳಿಸಿ 75 ಡಿಗ್ರಿಗೆ ಬಂದಾಗ, ಕೋಣೆಯ ಉಷ್ಣತೆಯಲ್ಲಿರುವ 30 ಮಿಲಿಲೀಟರ್ ರಮ್ಮನ್ನು ಕೊನೆಯಲ್ಲಿ ಸೇರಿಸಬೇಕು. ಮಿಶ್ರಣ 68ರ ಸುಮಾರಿಗೆ ಇಳಿಯುತ್ತದೆ, ತಣ್ಣನೆಯ ಲೋಟ ಇನ್ನೂ ಕೆಲವು ಡಿಗ್ರಿ ಹೀರಿಕೊಳ್ಳುತ್ತದೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ. ಮದ್ಯಸಾರವನ್ನಂತೂ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ. ಆದ್ದರಿಂದ 60ಕ್ಕೆ ಇಳಿಯುವವರೆಗೆ ಕಾಯುವುದು ಲೇಸು. ಹಾಲು ತಾಜಾ ಇರಬೇಕು. ಡೈರಿಗಳಲ್ಲಿ ಹಾಲಿಗೆ ಗಟ್ಟಿ ಮದ್ಯಸಾರ ಬೆರೆಸಿ, ಹುಳಿಗೆ ತಿರುಗಿದ್ದರೆ ಒಡೆಯುತ್ತದೆಯೇ ಎಂದು ಪರೀಕ್ಷಿಸುವುದುಂಟು. ಹಳಸಲು ಹಾಲಿನ ಲೋಟದಲ್ಲೂ ಅದೇ ಪರೀಕ್ಷೆ ನಡೆದುಹೋದೀತು.

ಮೇಲಿನ ಕೆನೆ ಕೇವಲ ಅಲಂಕಾರವಲ್ಲ. ಗಾಳಿಯ ಗುಳ್ಳೆಗಳನ್ನು ಕೊಬ್ಬು ಹಿಡಿದಿಟ್ಟಿರುವ ಈ ಪದರ ಶಾಖವನ್ನೂ ಆವಿಯನ್ನೂ ತಡೆಯುತ್ತದೆ. ಬಿಸಿ ಪಾನೀಯದಿಂದ ಏಳುವ ಆವಿಯಲ್ಲಿ ಎಥನಾಲಿನ ಪ್ರಮಾಣ ಪಾನೀಯದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಕೆನೆಯಿಲ್ಲದ ಅಗಲ ಬಾಯಿಯ ಲೋಟ ಮೂಗಿಗೆ ಚುಚ್ಚುವುದು ಅದಕ್ಕೇ. ಫ್ಯೋರ್ ದ್ವೀಪಕ್ಕೆ ಸಮೀಪದ ನೋರ್ಡ್‌ಸ್ಟ್ರಾಂಡಿನಲ್ಲಿ 1872ರ ನಾಮಕರಣವೊಂದರಲ್ಲಿ, ಮದ್ಯ ವಿರೋಧಿಯಾದ ಪಾದ್ರಿಗೆ ವಾಸನೆ ಬಡಿಯದಿರಲೆಂದು ರಮ್ ಹಾಕಿದ ಕಾಫಿಯ ಮೇಲೆ ಕೆನೆ ಮುಚ್ಚಿದರೆಂದು ಹೇಳುತ್ತಾರೆ. ಭೌತಶಾಸ್ತ್ರದ ದೃಷ್ಟಿಯಿಂದ ಆ ಉಪಾಯ ಸರಿಯಾಗಿಯೇ ಇದೆ. ಕೆನೆಯನ್ನು ಕದಡದೆ, ಅದರ ಅಡಿಯಿಂದ ಹೀರಬೇಕು.

ರಮ್ಮಿನ ಬದಲು ಫ್ರೆಂಚ್ ಆಲ್ಪ್ಸ್‌ನ ಸ್ಕೀ ಊರುಗಳಲ್ಲಿ ಹಸಿರು ಶಾರ್ತ್ರೂಸ್ ಬೆರೆಸುತ್ತಾರೆ. ಸಂನ್ಯಾಸಿಗಳು ನೂರಮೂವತ್ತು ಗಿಡಮೂಲಿಕೆಗಳಿಂದ ತಯಾರಿಸುವ ಆ ಮದ್ಯದಲ್ಲಿ ಶೇ. 55 ಮದ್ಯಸಾರವಿರುವುದರಿಂದ 20 ಮಿಲಿಲೀಟರೇ ಸಾಕು. ಪುದೀನ ಮದ್ಯ ಹಾಕುವವರಿಗೆ ಬೇರೆಯೇ ಅನುಭವ. ಪುದೀನದ ಮೆಂಥಾಲ್ ತೆರೆಯುವುದು ಟಿಆರ್‌ಪಿಎಂ8 ಎಂಬ ಇನ್ನೊಂದು ದ್ವಾರವನ್ನು, ಅದು ಮಿದುಳಿಗೆ ತಂಪಿನ ಸುದ್ದಿ ಕಳುಹಿಸುತ್ತದೆ. ಬಾಯಲ್ಲಿ ಚಾಕೊಲೇಟಿನ ಬಿಸಿಯಿರುವಾಗ ಆ ದ್ವಾರ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ನುಂಗಿ, ಉಸಿರೆಳೆದು, ಗಾಳಿ ನಾಲಿಗೆಯನ್ನು ತಣಿಸಿದಾಗ ತೆರೆಯುತ್ತದೆ. ಪ್ರತಿ ಗುಟುಕಿನಲ್ಲೂ ಮೊದಲು ಉರಿ, ಆಮೇಲೆ ತಂಪು. ಮೆಂಥಾಲ್ ಹೆಚ್ಚಾದರೆ ಕೋಕೋದ ಕಹಿಪರಿಮಳ ಪೂರ್ತಿ ಮುಚ್ಚಿಹೋಗುವುದರಿಂದ, ಈ ಬಗೆಯಲ್ಲಿ ಮದ್ಯವನ್ನು ರಮ್ಮಿನ ಅರ್ಧಕ್ಕೆ ಇಳಿಸಿ, ಕಪ್ಪು ಚಾಕೊಲೇಟನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬೇಕು.