ತೊಗರಿಯ ಕಣಜದಲ್ಲಿ ಬರೀ ಅಕ್ಕಿ

ಕಲಬುರಗಿ ಕಡೆ ರೇಷನ್ ಅಕ್ಕಿ ಹಸನು ಮಾಡುವಾಗ ಕೆಲವು ಕಾಳು ಬೇರೆಯಾಗಿ ಕಾಣುತ್ತವೆ. ಬಣ್ಣ ತುಸು ಬೇರೆ, ನೀರಿಗೆ ಹಾಕಿದರೆ ಒಮ್ಮೊಮ್ಮೆ ತೇಲುತ್ತವೆ. ‘ಪ್ಲಾಸ್ಟಿಕ್ ಅಕ್ಕಿ’ ಅಂತ ಆರಿಸಿ ಎಸೆಯುವವರಿದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಕಲಸಿ, ಯಂತ್ರದಲ್ಲಿ ಒತ್ತಿ ಕಾಳಿನ ರೂಪ ಕೊಟ್ಟಿರುತ್ತಾರೆ. ನೂರು ಕೆಜಿ ಅಕ್ಕಿಗೆ ಇಂಥದ್ದು ಒಂದು ಕೆಜಿ. ಅದನ್ನೇ ಆರಿಸಿ ಎಸೆದರೆ ಉಳಿಯುವುದು ಮಾಮೂಲಿ ಪಾಲಿಶ್ ಅಕ್ಕಿ.

ಆದರೆ ಇಷ್ಟರಿಂದಲೇ ಕೆಲಸ ಮುಗಿಯಿತಾ? 2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ, ಅಂದರೆ ಬಿಪಿಎಲ್ ಕಾರ್ಡಿನ, ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ ಕೊಡುತ್ತದೆ. ಅಕ್ಕಿಯೇ ಆದರೆ ದಿನಕ್ಕೆ ಸುಮಾರು 165 ಗ್ರಾಂ. ಅದರಲ್ಲಿರುವ ಪ್ರೋಟೀನ್ 13 ಗ್ರಾಂ. ವಯಸ್ಕ ಗಂಡಸಿಗೆ ಬೇಕಾಗಿದ್ದು ಸುಮಾರು 54 ಗ್ರಾಂ. ಹೊಟ್ಟೆ ತುಂಬಿಸುವ ಮಟ್ಟಿಗೆ ಈ ಅಕ್ಕಿ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಮೈಗೆ ಹತ್ತಬೇಕಾದರೆ ಬೇಳೆ ಬೇಕು.

ಪ್ರೋಟೀನ್ ಅಂದರೆ ಅಮೈನೋ ಆಮ್ಲ ಎಂಬ ಚಿಕ್ಕ ತುಣುಕುಗಳ ಸರ. ಅದರಲ್ಲಿ ಲೈಸಿನ್ ಎಂಬ ತುಣುಕು ಅಕ್ಕಿಯಲ್ಲಿ ಕಮ್ಮಿ, ತೊಗರಿಯಲ್ಲಿ ಜಾಸ್ತಿ. ತೊಗರಿಯಲ್ಲಿ ಕಮ್ಮಿ ಇರುವ ಮೆಥಿಯೋನಿನ್ ಎಂಬ ಇನ್ನೊಂದು ತುಣುಕು ಅಕ್ಕಿಯಲ್ಲಿದೆ. ಅನ್ನ-ಬೇಳೆ ಜೋಡಿ ಸುಮ್ನೆ ಆಗಿದ್ದಲ್ಲ. ಐದು ಕೆಜಿಯಲ್ಲಿ ಒಂದು ಕೆಜಿ ಅಕ್ಕಿಯ ಬದಲು ತೊಗರಿಬೇಳೆ ಬಂದರೆ ದಿನದ ಪ್ರೋಟೀನ್ 13ರಿಂದ ಹತ್ತಿರ ಹತ್ತಿರ 18 ಗ್ರಾಂಗೆ ಏರುತ್ತದೆ. ತೂಕ ಅಷ್ಟೇ. ಖರ್ಚು ಮಾತ್ರ ಜಾಸ್ತಿ, ಸರ್ಕಾರಗಳು ಹಿಂಜರಿಯುವುದೂ ಅಲ್ಲೇ. ಆದರೂ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ತೊಗರಿ ಬೆಳೆಯುವ ಜಿಲ್ಲೆಯಲ್ಲೇ ಬಡವರು ಬೇಳೆಯನ್ನು ನೀರು ಮಾಡಿ ಉಣ್ಣುವುದು ಸರಿಯಾ?

ಶಾಲೆಯ ಮಟ್ಟಿಗೆ ಒಂದು ಒಳ್ಳೆಯ ಹೆಜ್ಜೆ ಆಗಿದೆ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿ ಈ ಭಾಗದ ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಜೊತೆಗೆ ಕಾಳು-ಸೊಪ್ಪುಗಳಲ್ಲಿ ಸಿಗದ ಬಿ12. ಆದರೆ ಶಾಲೆಯ ಈ ಮೊಟ್ಟೆ ಮಕ್ಕಳ ತಟ್ಟೆಗೆ ಮಾತ್ರ. ರಕ್ತಹೀನತೆ ಇರುವ ತಾಯಿಗೆ ರೇಷನ್ನಿನಲ್ಲಿ ಸಿಗುವುದು ಬಹುಪಾಲು ಅದೇ ಅಕ್ಕಿ.

ಇನ್ನು ರಕ್ತಕ್ಕೆ ಬೇಕಾದ ಕಬ್ಬಿಣದ ವಿಷಯಕ್ಕೆ ಬಂದರೆ, ನಮ್ಮ ರೊಟ್ಟಿಯ ಜೋಳ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ 0.65 ಮಿಲಿಗ್ರಾಂ, ಜೋಳದಲ್ಲಿ ಸುಮಾರು 4. ಆದರೆ ಜೋಳದಲ್ಲಿರುವ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೂರ್ತಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ರೊಟ್ಟಿ ಜೊತೆ ಉಳ್ಳಾಗಡ್ಡಿಗೆ ನಿಂಬೆಹಣ್ಣು ಹಿಂಡಿಕೊಂಡರೆ ವಿಟಮಿನ್ ಸಿ ಅದನ್ನು ಬಿಡಿಸಿ ಕೊಡುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಮಾತ್ರ ಉಲ್ಟಾ ಕೆಲಸ ಮಾಡುತ್ತದೆ. ಚಹಾ ಬಿಡೋಕಾಗಲ್ಲ ಅಲ್ವಾ? ಒಂದು ತಾಸು ತಡೆದು ಕುಡಿಯಿರಿ.