ಭಾಷಣ ಸಾಕು, ಲೀಟರ್ ಬಾಟಲಿ ಕೊಟ್ಟು ಕಳಿಸಿ

ಪುಣೆಯ ಕನ್ನಡಿಗರಾದ ನಾವು ಮಹಾರಾಷ್ಟ್ರದ ಅಕ್ಕಲಕೋಟ, ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳಿಗೋ ವಾಘೋಲಿಯ ಲೇಬರ್ ಕ್ಯಾಂಪಿಗೋ ಆರೋಗ್ಯ ಜಾಗೃತಿಗೆಂದು ಹರೆಯದ ಮಕ್ಕಳನ್ನು ತಯಾರು ಮಾಡುವಾಗ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಒಂದು ದಿನದ ಶಿಬಿರದಲ್ಲಿ ಹತ್ತು ವಿಷಯ ತುಂಬಿ, ಟಿ-ಶರ್ಟ್ ತೊಡಿಸಿ, ಭಾಷಣ ಕಲಿಸಿ ಕಳಿಸುತ್ತೇವೆ. ಮಕ್ಕಳು ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ವಾಂತಿ-ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಓಆರ್‌ಎಸ್ ಪುಡಿಯ ಪೊಟ್ಟಣ ಕೈಗಿಟ್ಟು ‘ಕಲಸಿ ತೋರಿಸು’ ಎಂದರೆ, ಲೀಟರ್ ನೀರಿಗೆ ಹಾಕಬೇಕಾದದ್ದನ್ನು ಅರ್ಧಕ್ಕರ್ಧ ಮಂದಿ ಮನೆಯ ಲೋಟಕ್ಕೆ ಸುರಿಯುತ್ತಾರೆ.

ಸರ್ಕಾರದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಪ್ರತಿ ಹಳ್ಳಿಗೆ ಅಥವಾ ಸಾವಿರ ಜನಸಂಖ್ಯೆಗೆ, ಓರಗೆಯವರಿಗೆ ಆರೋಗ್ಯದ ಮಾತು ತಿಳಿಸಲು ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಎಂಬುದು ಅದರ ಲೆಕ್ಕ. ವಯಸ್ಸು 15ರಿಂದ 19. ಆ ವಯಸ್ಸಿನವರಿಂದ ಆಗುವ ಕೆಲಸವನ್ನೇ ಅವರಿಗೆ ಕೊಡಬೇಕು. ಬೇಸಿಗೆಯ ಕೊನೆಯಲ್ಲೂ ಮಳೆಗಾಲದಲ್ಲೂ ಅಂಥ ಕೆಲಸವೆಂದರೆ ವಾಂತಿ-ಭೇದಿಗೆ ಓಆರ್‌ಎಸ್ ಸರಿಯಾಗಿ ಕಲಸುವುದನ್ನು ಮನೆಮನೆಗೆ ಕಲಿಸುವುದು.

ಆಶಾ ಕಾರ್ಯಕರ್ತೆ ಕೊಡುವ ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ: ಗ್ಲುಕೋಸ್ 13.5, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಗ್ರಾಂ. ಇದಿಷ್ಟೂ ಒಂದು ಲೀಟರ್ ನೀರಿಗೆ. ಪೂರ್ತಿ ಪೊಟ್ಟಣ, ಪೂರ್ತಿ ಲೀಟರ್. ‘ಕೂಸು ಒಂದು ಲೀಟರ್ ಎಲ್ಲಿ ಕುಡೀತೈತ್ರಿ, ದಂಡ ಆಗ್ತೈತಿ’ ಎಂದು ತಾಯಂದಿರು ಅರ್ಧ ಪೊಟ್ಟಣ ಉಳಿಸುತ್ತಾರೆ. ಬಡತನದಲ್ಲಿ ಬಂದ ಆ ಜಾಗರೂಕತೆಯನ್ನು ಯಾರೂ ಹೀಯಾಳಿಸಬಾರದು. ಆದರೆ ಪುಡಿಯೊಳಗಿನ ಉಪ್ಪು, ಸಕ್ಕರೆ ಒಂದೇ ಸಮ ಬೆರೆತಿರುವುದಿಲ್ಲ. ಅರ್ಧ ಪುಡಿಯಲ್ಲಿ ಅರ್ಧ ಉಪ್ಪೇ ಇದೆ ಎಂಬ ಖಾತ್ರಿಯಿಲ್ಲ. ಉಳಿದದ್ದು ತೇವ ಹೀರಿ ಕೆಡುತ್ತದೆ.

ಪೂರ್ತಿ ಪೊಟ್ಟಣವನ್ನು ಒಂದೇ ಲೋಟಕ್ಕೆ ಹಾಕುವುದು ಇನ್ನೂ ಅಪಾಯ. ದ್ರಾವಣ ಗಟ್ಟಿಯಾದರೆ ಮೈಯೊಳಗಿನ ನೀರು ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ರಕ್ತದಲ್ಲಿ ಉಪ್ಪಿನಂಶ ಏರಿ ಮಗುವಿಗೆ ಫಿಟ್ಸ್ ಬರಲೂಬಹುದು. ನೀರು ಜಾಸ್ತಿಯಾದರೆ ಸಾಕಷ್ಟು ಉಪ್ಪು ಸಿಗುವುದಿಲ್ಲ. ಕರುಳಿನ ಗೋಡೆ ದಾಟುವಾಗ ಗ್ಲುಕೋಸು ಉಪ್ಪನ್ನು ಜೊತೆಗೆ ಒಯ್ಯುತ್ತದೆ, ಅವೆರಡರ ಹಿಂದೆಯೇ ನೀರು ಹೋಗುತ್ತದೆ. ಅಳತೆ ತಪ್ಪಿದರೆ ಆ ಕೆಲಸವೇ ಕೆಡುತ್ತದೆ. ಅಂಗಡಿಯಲ್ಲಿ 200 ಮಿಲಿಲೀಟರ್ ನೀರಿಗೆ ಕಲಸುವ ಚಿಕ್ಕ ಪೊಟ್ಟಣವೂ ಸಿಗುವುದರಿಂದ ಗೊಂದಲ ಹೆಚ್ಚು. ಆದ್ದರಿಂದ ಮೊದಲು ಪೊಟ್ಟಣದ ಮೇಲಿನ ಬರಹ ಓದಬೇಕು. ಮನೆಮಾತು ಕನ್ನಡ, ಪೊಟ್ಟಣದ ಮೇಲೆ ಇಂಗ್ಲಿಷ್ ಅಥವಾ ಹಿಂದಿ. ಮರಾಠಿ ಶಾಲೆಯಲ್ಲಿ ಕಲಿತ ಹುಡುಗಿ ಓದಿ ಹೇಳಿದರೆ ತಾಯಿಗೆ ಎಷ್ಟೋ ನೆರವು. ಗ್ಲುಕೋಸ್ ಪುಡಿಯಾಗಲಿ ಹಣ್ಣಿನ ಸ್ವಾದದ ಪೆಟ್ಟಿಗೆ ಪಾನೀಯವಾಗಲಿ ಓಆರ್‌ಎಸ್ ಅಲ್ಲ.

ಲೋಟಗಳಲ್ಲಿ 150 ಮಿಲಿಲೀಟರ್ ಹಿಡಿಯುವುದೂ ಇದೆ, 300 ಹಿಡಿಯುವುದೂ ಇದೆ. ‘ಲೀಟರ್ ಅಂದರೆ ಐದು ಲೋಟ’ ಎಂಬ ಮಾತು ಅದಕ್ಕೇ ಕೈಕೊಡುತ್ತದೆ. ಹುಡುಗಿ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಹಿಡಿದು ಹೋಗಲಿ. ಹದಿನಾರರ ಹುಡುಗಿ ಉಪದೇಶಕ್ಕೆ ನಿಂತರೆ ‘ನಿನಗೇನು ಗೊತ್ತವಾ’ ಅನ್ನುತ್ತಾರೆ. ‘ಅಕ್ಕಾ, ನಿಮ್ಮ ತಂಬಗಿ ಕೊಡ್ರಿ, ಎಷ್ಟು ನೀರು ಹಿಡೀತೈತಿ ನೋಡೋಣು’ ಅಂದರೆ ಅತ್ತೆಯೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಬಾಟಲಿ ತುಂಬಿಸಿ ತಂಬಿಗೆಗೆ ಸುರಿದು, ನೀರು ನಿಂತ ಮಟ್ಟಕ್ಕೆ ಹೊರಗಡೆ ಉಗುರುಬಣ್ಣದ ಗೆರೆ ಎಳೆಯಬೇಕು. ತಂಬಿಗೆ ಚಿಕ್ಕದಾದರೆ ಬೋಗುಣಿ ಹುಡುಕಬೇಕು. ಗೆರೆ ಅಳಿಸಿಹೋಗುತ್ತದೆ, ಮಳೆಗಾಲದಲ್ಲಿ ಮತ್ತೆ ಹೋಗಿ ಎಳೆಯಲಿ.

ಸಾಬೂನಿನಿಂದ ಕೈ ತೊಳೆದು, ಕಾಯಿಸಿ ಆರಿಸಿದ ನೀರಿಗೆ ಪುಡಿ ಸುರಿದು, ಕಾಳು ಕಾಣದ ಹಾಗೆ ಕಲಕಬೇಕು. ಕಲಸಿದ ಮೇಲೆ ಕುದಿಸಬಾರದು, ಸಕ್ಕರೆ ಸೇರಿಸಬಾರದು. 24 ಗಂಟೆ ದಾಟಿದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ. ಎದೆಹಾಲು ನಿಲ್ಲಿಸಬಾರದು.

ಇನ್ನೊಂದು ಮಾತನ್ನು ತಾಯಿಗೆ ಮೊದಲೇ ಹೇಳಿಡಬೇಕು: ಓಆರ್‌ಎಸ್ ಭೇದಿ ನಿಲ್ಲಿಸುವುದಿಲ್ಲ, ಹೋದ ನೀರು-ಉಪ್ಪನ್ನು ತುಂಬುತ್ತದೆ. ಇದನ್ನು ಹೇಳದಿದ್ದರೆ ಸಂಜೆಯ ಹೊತ್ತಿಗೆ ‘ಏನೂ ಗುಣ ಇಲ್ಲ’ ಎಂದು ಚೆಲ್ಲಿಬಿಡುತ್ತಾಳೆ. ಸತುವಿನ (ಝಿಂಕ್) ಮಾತ್ರೆಯ ಬಗ್ಗೆಯೂ ಮೊದಲೇ ಹೇಳಿಡಬೇಕು. ಭೇದಿ ನಿಂತರೂ 14 ದಿನ ಮುಗಿಸಬೇಕು. ಮಾತ್ರೆಯ ಪ್ರಮಾಣವನ್ನು ಆಶಾ ಅಥವಾ ನರ್ಸ್ ಹೇಳಲಿ, ಮಕ್ಕಳು ಹೇಳುವುದು ಬೇಡ.

ಇದು ಮಕ್ಕಳ ಕೈಲಿ ಆಗದ ಕೆಲಸ ಅನ್ನುವವರಿಗೆ 1971ನ್ನು ನೆನಪಿಸಬೇಕು. ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಾಲನಬೀಸ್ ಉಪ್ಪು-ಗ್ಲುಕೋಸ್ ನೀರನ್ನು ಡ್ರಮ್ಮಿನಲ್ಲಿಟ್ಟರು, ರೋಗಿಗಳ ಮನೆಯವರೇ ಹಿಡಿದು ಕುಡಿಸಿದರು. ಸಾವು ಎಷ್ಟೋ ಪಾಲು ಇಳಿಯಿತು. ಅಲ್ಲಿ ಕುಡಿಸಿದವರು ವೈದ್ಯರಲ್ಲ, ಆದರೆ ಅಳತೆ ಸರಿಯಿತ್ತು.

ಗಡಿಯೂ ಸ್ಪಷ್ಟವಿರಲಿ. ಮಗು ಮಂಕಾಗಿದ್ದರೆ, ಕುಡಿಯಲಾಗದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಇಳಿದರೆ, ಮಲದಲ್ಲಿ ರಕ್ತವಿದ್ದರೆ, ಅಥವಾ ಮಗು ಮೊದಲೇ ತೀರಾ ಸೊರಗಿದ್ದರೆ ಕಲಿಸುವ ಹೊತ್ತಲ್ಲ ಅದು. 108ಕ್ಕೆ ಫೋನ್ ಮಾಡಿ, ಮಗು ಕುಡಿಯುವಂತಿದ್ದರೆ ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು.

ಟಿ-ಶರ್ಟಿನ ದುಡ್ಡಿನಲ್ಲಿ ಬಾಟಲಿ, ಚಮಚ, ಉಗುರುಬಣ್ಣ ಕೊಡಿಸಿ. ವಾರ ಬಿಟ್ಟು ಅದೇ ಮನೆಗೆ ಕಳಿಸಿ, ಈ ಸಲ ತಾಯಿಯೇ ಕಲಸಲಿ, ಹುಡುಗಿ ನೋಡಲಿ. ವರದಿಯಲ್ಲಿ ‘ಎಷ್ಟು ಜನ ಸೇರಿದ್ದರು’ ಎಂಬ ಕಲಂ ತೆಗೆದು ‘ಎಷ್ಟು ಮನೆಯಲ್ಲಿ ತಾಯಿ ಸರಿಯಾಗಿ ಕಲಸಿದಳು’ ಎಂದು ಹಾಕಿ.