ಪದ ಪರಿಚಯ: ಮ್ಯಾನಿಫೆಸ್ಟ್ ಡೆಸ್ಟಿನಿ

'ಮ್ಯಾನಿಫೆಸ್ಟ್' ಎಂದರೆ ಕಣ್ಣೆದುರಿಗೇ ಇರುವ, ಬೇರೆ ಸಾಕ್ಷಿ ಬೇಡದ. 'ಡೆಸ್ಟಿನಿ' ಎಂದರೆ ವಿಧಿ. ಎರಡನ್ನೂ ಸೇರಿಸಿ 'ಹಣೆಬರಹ' ಎಂದುಬಿಡಬಹುದಿತ್ತು. ಆದರೆ ನಮ್ಮಲ್ಲಿ ಹಣೆಬರಹ ಅಂತ ನಿಟ್ಟುಸಿರು ಬಿಡುವವರು ಹೆಚ್ಚಾಗಿ ಏನನ್ನೋ ಕಳೆದುಕೊಂಡವರು. ಅಮೆರಿಕದಲ್ಲಿ ಈ ಮಾತಾಡಿದ್ದು ಪಡೆಯಲು ಹೊರಟವರು.

1845ರಲ್ಲಿ ಪತ್ರಿಕಾ ಸಂಪಾದಕ ಜಾನ್ ಓ'ಸಲಿವನ್, ಹಿಂದೆ ಮೆಕ್ಸಿಕೊದ ಭಾಗವಾಗಿದ್ದ ಟೆಕ್ಸಾಸನ್ನು ಅಮೆರಿಕಕ್ಕೆ ಸೇರಿಸಿಕೊಳ್ಳುವುದರ ಪರವಾಗಿ ಬರೆಯುತ್ತ ಈ ಪದ ಬಳಸಿದ. ವರ್ಷ ವರ್ಷ ಹೆಚ್ಚುತ್ತಿರುವ ತಮ್ಮ ಜನ ಇಡೀ ಖಂಡದ ಮೇಲೆ ಹರಡಿಕೊಳ್ಳುವುದು ದೈವಸಂಕಲ್ಪ ಎನ್ನುವುದು ಅವನ ವಾದ. ಅದೇ ವರ್ಷ ಜೇಮ್ಸ್ ಪೋಲ್ಕ್ ಅಧ್ಯಕ್ಷನಾದ. ಅವನ ಗುರಿ ನಾಲ್ಕು. ಆಮದು ಸುಂಕ ಇಳಿಸುವುದು ಮತ್ತು ಸರ್ಕಾರದ ಹಣಕ್ಕೆ ಸ್ವತಂತ್ರ ಖಜಾನೆ ಕಟ್ಟುವುದು ದೇಶದೊಳಗಿನ ಕೆಲಸ. ಅವೆರಡೂ 1846ರಲ್ಲೇ ಮುಗಿದವು. ಉಳಿದವು ಪಶ್ಚಿಮದ ಎರಡು ಪ್ರದೇಶಗಳನ್ನು ಪಡೆಯುವುದು: ಆರೆಗಾನ್ ಮತ್ತು ಮೆಕ್ಸಿಕೊದ ಕೈಯಲ್ಲಿದ್ದ ಕ್ಯಾಲಿಫೋರ್ನಿಯಾ.

ಪದದ ನಿಜವಾದ ಅರ್ಥ ತಿಳಿಯುವುದು ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದಾಗ. ಆರೆಗಾನ್‌ನಲ್ಲಿ ಎದುರಿದ್ದದ್ದು ಬ್ರಿಟನ್. 54 ಡಿಗ್ರಿ 40 ನಿಮಿಷದ ಅಕ್ಷಾಂಶದವರೆಗೂ ನಮ್ಮದೇ ಎಂಬ ಕೂಗು ಜೋರಾಗಿತ್ತು. ಆದರೂ 1846ರ ಜೂನ್‌ನಲ್ಲಿ ಪೋಲ್ಕ್ 49ನೇ ಅಕ್ಷಾಂಶಕ್ಕೆ ಒಪ್ಪಿ ರಾಜಿಯಾದ. ಆಗಲೇ ದಕ್ಷಿಣದಲ್ಲಿ ಮೆಕ್ಸಿಕೊ ಮೇಲೆ ಯುದ್ಧ ಶುರುವಾಗಿ ತಿಂಗಳಾಗಿತ್ತು. ನ್ಯೂಸೆಸ್ ಮತ್ತು ರಿಯೊ ಗ್ರಾಂಡೆ ನದಿಗಳ ನಡುವಿನ ವಿವಾದಿತ ನೆಲಕ್ಕೆ ಸೈನ್ಯ ಕಳಿಸಿದವನು ಪೋಲ್ಕ್. ಅಲ್ಲಿ ಚಕಮಕಿ ನಡೆದಾಗ, ಅಮೆರಿಕದ ನೆಲದಲ್ಲೇ ಅಮೆರಿಕದ ರಕ್ತ ಹರಿದಿದೆ ಎಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಹೇಳಿದವನೂ ಅವನೇ. ರಕ್ತ ಬಿದ್ದ ಆ ಜಾಗ ಯಾವುದು ತೋರಿಸಿ ಎಂದು 1847ರ ಡಿಸೆಂಬರ್‌ನಲ್ಲಿ ಸದನದಲ್ಲಿ ಪಟ್ಟು ಹಿಡಿದ ಹೊಸ ಸದಸ್ಯನ ಹೆಸರು ಅಬ್ರಹಾಂ ಲಿಂಕನ್. ಬಲಿಷ್ಠರ ಮುಂದೆ ಚೌಕಾಸಿಗೆ ಬಗ್ಗಿದ ವಿಧಿ ದುರ್ಬಲರ ಮುಂದೆ ಬಗ್ಗಲಿಲ್ಲ. ಹಾಗಾಗಿ ಇದನ್ನು ವಿಧಿ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಇದು ಒಬ್ಬ ಅಧ್ಯಕ್ಷ ಲೆಕ್ಕ ಹಾಕಿ ನಡೆಸಿದ ನೀತಿ.

1848ರ ಫೆಬ್ರವರಿ 2ರಂದು ಯುದ್ಧ ಮುಗಿಸುವ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದವಾಯಿತು. ಪಡೆದ ನೆಲಕ್ಕೆ ಅಮೆರಿಕ ಒಂದೂವರೆ ಕೋಟಿ ಡಾಲರ್ ಕೊಟ್ಟಿತು. ಟೆಕ್ಸಾಸನ್ನೂ ಸೇರಿಸಿದರೆ ಮೆಕ್ಸಿಕೊ ಅರ್ಧಕ್ಕೂ ಹೆಚ್ಚು ನೆಲ ಕಳೆದುಕೊಂಡಿತ್ತು. ಗೆದ್ದ ನೆಲದಲ್ಲಿ ಗುಲಾಮಗಿರಿ ಇರಬೇಕೆ ಬೇಡವೆ ಎಂಬ ಜಗಳ ಮಾತ್ರ ಯುದ್ಧ ಮುಗಿಯುವ ಮೊದಲೇ ಕಾಂಗ್ರೆಸ್ಸಿನೊಳಗೆ ಹೊತ್ತಿಕೊಂಡಿತ್ತು.

ಈ ನಂಬಿಕೆಯನ್ನು ಕಣ್ಣಾರೆ ನೋಡಬೇಕೆಂದರೆ ಜಾನ್ ಗಾಸ್ಟ್ 1872ರಲ್ಲಿ ಬರೆದ ಚಿತ್ರವಿದೆ. ಬಿಳಿ ಉಡುಪಿನ ಹೆಂಗಸೊಬ್ಬಳು ಆಕಾಶದಲ್ಲಿ ಪಶ್ಚಿಮಕ್ಕೆ ತೇಲಿ ಬರುತ್ತಿದ್ದಾಳೆ. ಕೈಯಲ್ಲಿ ಶಾಲೆಯ ಪುಸ್ತಕ, ಜೊತೆಗೆ ಎಳೆದು ತರುತ್ತಿರುವ ಟೆಲಿಗ್ರಾಫ್ ತಂತಿ. ಅವಳ ಹಿಂದೆ ರೈಲು, ಬೆಳಕು. ಮುಂದೆ, ಚಿತ್ರದ ಕತ್ತಲ ಅಂಚಿನಲ್ಲಿ, ಕಾಡೆಮ್ಮೆಗಳ ಜೊತೆ ಮೂಲನಿವಾಸಿಗಳು ಓಡುತ್ತಿದ್ದಾರೆ, ತಿರುತಿರುಗಿ ಅವಳನ್ನು ನೋಡುತ್ತ.